ಎರಡರ ಕ್ಯಾಪು ಮೂರಕ್ಕೆ

ಅವನನ್ನು ಎಲ್ಲರೂ ಪ್ರೆಸ್ಸಣ್ಣ ಎಂದೇ ಕರೆಯುತ್ತಿದ್ದರು. ಒಂದು ಕಾಲಕ್ಕೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವನು. ಸೀಸದ ಅಕ್ಷರವನ್ನು ಕಣ್ಣೆತ್ತಿ ನೋಡದೆ, ಬೆರಳ ತುದಿಯಲ್ಲಿ ಸವರಿ, ಇದು 'ಪ', ಇದು 'ಷ' ಎಂದು ಹೇಳಿಬಿಡುತ್ತಿದ್ದ. ಪಂದ್ಯ ಕಟ್ಟಿದವರೆಲ್ಲ ಅವನಿಗೆ ಚಹಾ ಕುಡಿಸಿ ಎದ್ದು ಹೋಗುತ್ತಿದ್ದರು. ಪ್ರೆಸ್ಸಿಗೆ ಕಂಪ್ಯೂಟರ್ ಬಂದು ಮೊಳೆಗಳೆಲ್ಲ ಗುಜರಿ ಸೇರಿದಾಗ, ಮಾಲೀಕರು ಹಿತ್ತಲಲ್ಲಿ ಕೆಟ್ಟು ನಿಂತಿದ್ದ ತಮ್ಮ ಹಳೇ ಕಾರನ್ನು ತೋರಿಸಿ, "ಇದನ್ನೂ ತಗೊಂಡು ಹೋಗಪ್ಪ, ನಿನ್ ಥರಾನೇ ಇದಕ್ಕೂ ಕೆಲಸ ಇಲ್ಲ" ಎಂದರು. ತಮಾಷೆಗೆ ಹೇಳಿದ್ದು. ಅವನು ನಿಜಕ್ಕೂ ತಳ್ಳಿಸಿಕೊಂಡು ಮನೆಗೆ ತಂದ.

ಅಲ್ಲಿಂದ ಹತ್ತಿದ ಹುಚ್ಚು. ಆ ಕಾರಿನ ಇಂಜಿನ್ ಬಿಚ್ಚಿ, ಕೆಡಿಸಿ, ಮತ್ತೆ ಬಿಚ್ಚಿ ಕಲಿತ. ಮನೆಯ ಹಿಂದಿನ ತಗಡಿನ ಷೆಡ್ಡಿನಲ್ಲಿ ಒಂದಾದ ಮೇಲೊಂದು ಹಳೇ ಇಂಜಿನ್ನುಗಳು ಜೀವ ತಳೆದವು. ಹೊಟ್ಟೆಪಾಡಿಗೆ ಮಾಡುವ ಕೆಲಸವಲ್ಲ, ಖುಷಿಗೆ. ತಲೆ ಪೂರ್ತಿ ನರೆತ ಮೇಲೂ ಬಿಡಲಿಲ್ಲ. ನಟ್ಟು, ಬೋಲ್ಟು, ಕೆತ್ತಿದ ನಂಬರು ಎಲ್ಲವನ್ನೂ ಬೆರಳಲ್ಲೇ ಓದುತ್ತಿದ್ದ. ಹೆಂಡತಿ ಕನ್ನಡಕ ಕೈಗಿಟ್ಟರೆ, "ನನ್ ಕಣ್ಣು ಇಲ್ಲಿದೆ" ಎಂದು ತೋರುಬೆರಳು ಎತ್ತುತ್ತಿದ್ದ.

ಇಂಜಿನ್ನಿನ ಎಲ್ಲ ಕೆಲಸವೂ ಷೆಡ್ಡಿನಲ್ಲಿ ಆಗುವಂಥದ್ದಲ್ಲ. ಪಿಸ್ಟನ್ ಆಡುವ ಬೋರನ್ನು ಹಿಗ್ಗಿಸಬೇಕು, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡವನ್ನು ಗ್ರೈಂಡಿಂಗ್ ಕಲ್ಲಿಗೆ ಕೊಟ್ಟು ನುಣುಪು ಮಾಡಿಸಬೇಕು. ಅದಕ್ಕೆ ಅವನ ಗೆಳೆಯನೊಬ್ಬನ ಲೇತ್ ಅಂಗಡಿ ಇತ್ತು. ಗೆಳೆಯ ತೀರಿಕೊಂಡ ಮೇಲೆ ಬಾಗಿಲು ಮುಚ್ಚಿತೆಂದೇ ಎಲ್ಲರೂ ಅಂದುಕೊಂಡಿದ್ದರು. ಒಂದು ಬೆಳಿಗ್ಗೆ ಆ ಗೆಳೆಯನ ಹೆಂಡತಿಯೇ ಷಟರ್ ಎತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಷಿನ್ನಿನ ಮುಂದೆ ನಿಂತಳು. ಗಂಡನ ಪಕ್ಕದಲ್ಲಿ ನಿಂತು ಕಲಿತದ್ದೇ ವಿದ್ಯೆ. ಗಿರಾಕಿಗಳಿಗೆ ಅವಳು ಲೇತಕ್ಕ ಆದಳು. ಪ್ರೆಸ್ಸಣ್ಣನನ್ನು ಅವಳು 'ಅಣ್ಣ' ಎನ್ನುತ್ತಿದ್ದಳು. ಊರಿನಲ್ಲಿ ಹಳೇ ಕಾರು ಇಟ್ಟುಕೊಂಡವರ ಕೆಲಸವೆಲ್ಲ ಅವಳಿಗೆ ಸಿಗುವಂತೆ ಮಾಡಿದವನೂ ಅವನೇ.

ಒಂದು ವರ್ಷ ಅವರಲ್ಲೊಬ್ಬರಾದ ಹಲ್ಲಿನ ಡಾಕ್ಟರು ಇಂಜಿನ್ ಹೊಸದಾಗಿ ಕಟ್ಟಲೆಂದು ತಮ್ಮ ತಂದೆಯ ಕಾರನ್ನು ಅವನಿಗೆ ಒಪ್ಪಿಸಿದರು. ಲೇತಕ್ಕ ಬೋರಿಂಗು, ಗ್ರೈಂಡಿಂಗು ಮುಗಿಸಿ ಕೊಟ್ಟಳು. ಪ್ರೆಸ್ಸಣ್ಣ ಜೋಡಿಸಿದ. ಕೈಯಲ್ಲಿ ತಿರುಗಿಸಿದಾಗ ಒಂದು ಕಡೆ ಬಿಗಿಯಾಗಿ ಹಿಡಿದಂತೆ ಅನ್ನಿಸಿತು. ಹೊಸದಾಗಿ ಕಟ್ಟಿದ ಇಂಜಿನ್, ಓಡಿದರೆ ಸಡಿಲವಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಹಳೇ ಕಾರಿನವರು ಭಾನುವಾರ ಸ್ಕೂಲಿನ ಮೈದಾನದಲ್ಲಿ ಸೇರುತ್ತಿದ್ದರು. ಒಂದು ಭಾನುವಾರ ಎಲ್ಲರ ಮುಂದೆ ಡಾಕ್ಟರ ಕಾರು ಹೊರಟಿತು. ಸೇತುವೆಯ ಏರು ಹತ್ತುವಾಗ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದಂಥ ಸದ್ದು ಶುರುವಾಯಿತು, ಜೋರಾಯಿತು, ಇಂಜಿನ್ ಹಿಡಿದುಕೊಂಡು ನಿಂತೇಹೋಯಿತು. ಕಾರನ್ನು ಮೈದಾನಕ್ಕೆ ತಳ್ಳಿಕೊಂಡು ಬಂದರು. ಎಲ್ಲರ ಕಣ್ಣೂ ಪ್ರೆಸ್ಸಣ್ಣನ ಮೇಲೆ. ಅವನ ಕಿವಿ ಬಿಸಿಯಾಯಿತು. ಯಾರೂ ಕೇಳುವ ಮೊದಲೇ ಬಾಯಿಂದ ಮಾತು ಜಾರಿತು:

"ಗ್ರೈಂಡಿಂಗ್ ಸರಿ ಬಂದಿಲ್ಲ. ಲೇತಕ್ಕನ ಯಜಮಾನ್ರ ಕೈಯೇ ಬೇರೆ ಇತ್ತು. ಈಗ ಏನ್ ಹೇಳೋದು, ಹೆಂಗಸು, ಪಾಪ, ಕಷ್ಟಪಡ್ತಾಳೆ."

ಎಲ್ಲರೂ ತಲೆಯಾಡಿಸಿದರು. ಬೈದಿದ್ದರೆ ಯಾರಾದರೂ ಅವಳ ಪರ ಮಾತಾಡುತ್ತಿದ್ದರೇನೋ. ಆ 'ಪಾಪ'ಕ್ಕೆ ಎದುರು ಆಡುವ ಮಾತಿರಲಿಲ್ಲ. ಆಮೇಲಿನ ದಿನಗಳಲ್ಲಿ ಒಬ್ಬೊಬ್ಬರೇ ತಮ್ಮ ಕೆಲಸವನ್ನು ಬೇರೆ ಅಂಗಡಿಗೆ ಒಯ್ದರು.

ಆ ಇಂಜಿನ್ನನ್ನು ಅವನು ಮರುವಾರ ಬಿಚ್ಚಿದ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡಿನ ಕೆಳತುದಿಯಲ್ಲಿ ಎರಡು ಹೋಳು ಇರುತ್ತವೆ. ಕೆಳಗಿನ ಹೋಳಿಗೆ ಕ್ಯಾಪ್ ಎನ್ನುತ್ತಾರೆ. ಒಂದು ರಾಡಿನ ಕ್ಯಾಪನ್ನು ಇನ್ನೊಂದಕ್ಕೆ ಹಾಕಿದರೆ ಕೂತಂತೆ ಕಾಣುತ್ತದೆ, ಆದರೆ ಒಳಗಿನ ತೂತು ಗುಂಡಗಿರುವುದಿಲ್ಲ. ಅದಕ್ಕೇ ಎರಡಕ್ಕೂ ಒಂದೇ ನಂಬರು ಕೆತ್ತಿರುತ್ತಾರೆ. ಬೇರಿಂಗು ಸುಟ್ಟು ಕಪ್ಪಾಗಿದ್ದ ರಾಡನ್ನು ಕೈಗೆತ್ತಿಕೊಂಡು ಅಭ್ಯಾಸದಂತೆ ನಂಬರು ಸವರಿದ. ಏನೂ ತಿಳಿಯಲಿಲ್ಲ. ಇನ್ನೊಮ್ಮೆ ಒತ್ತಿ ಸವರಿದ. ಬೆರಳು ಬಟ್ಟೆ ಸುತ್ತಿಕೊಂಡಂತೆ ಮಂದವಾಗಿತ್ತು. ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದ. ರಾಡಿನ ಮೇಲೆ ಎರಡು, ಕ್ಯಾಪಿನ ಮೇಲೆ ಮೂರು. ಪಕ್ಕದ ರಾಡಿನಲ್ಲಿ ಮೂರು, ಅದರ ಕ್ಯಾಪಿನಲ್ಲಿ ಎರಡು.

ಷೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಬಾಗಿಲ ಕಡೆ ತಿರುಗಿ ನೋಡಿದ. ಆಮೇಲೆ ಕ್ಯಾಪುಗಳನ್ನು ಅದಲುಬದಲು ಮಾಡಿ ಸರಿಯಾದ ರಾಡುಗಳಿಗೆ ಸಿಕ್ಕಿಸಿ, ಗೀರುಬಿದ್ದ ಕ್ರ್ಯಾಂಕಿನ ಮೇಲೆ ಗೋಣಿಚೀಲ ಎಳೆದ. ನಂಬರು ಈಗ ಸರಿಯಿತ್ತು. ಯಾರು ಬಂದು ನೋಡಿದರೂ ಸರಿಯಿತ್ತು.

ಆ ವಾರವೆಲ್ಲ ಅವನು ಲೇತ್ ಅಂಗಡಿಯ ರಸ್ತೆ ತಪ್ಪಿಸಿ ಬಳಸು ದಾರಿ ಹಿಡಿದ. ಕೊನೆಗೆ ಲೇತಕ್ಕನೇ ಷೆಡ್ಡಿಗೆ ಬಂದಳು. ಕೈಯಲ್ಲಿ ಅಳತೆಯ ಪೆಟ್ಟಿಗೆ ಇತ್ತು.

"ಅಣ್ಣ, ಆ ಕ್ರ್ಯಾಂಕ್ ಒಂದ್ಸಲ ನೋಡ್ಬೋದಾ? ಜಗಳಕ್ಕೆ ಬಂದಿಲ್ಲ. ಎಲ್ಲಿ ತಪ್ಪಿದೀನಿ ಅಂತ ಅಳೆದು ನೋಡಿದ್ರೆ, ಇನ್ನೊಂದ್ಸಲ ಆಗದ ಹಾಗೆ ನೋಡ್ಕೋಬೋದು."

"ಅದು ಗುಜರಿಗೆ ಹೋಯ್ತಲ್ಲಮ್ಮ," ಎಂದ ಪ್ರೆಸ್ಸಣ್ಣ. ಕ್ರ್ಯಾಂಕು ಅವಳ ಕಾಲ ಬಳಿಯೇ ಗೋಣಿಯ ಕೆಳಗಿತ್ತು.

"ಹೌದಾ." ಅವಳು ಸ್ವಲ್ಪ ಹೊತ್ತು ಪೆಟ್ಟಿಗೆಯ ಕೊಂಡಿ ತೆಗೆಯುತ್ತ ಹಾಕುತ್ತ ನಿಂತಳು. "ಆಗಷ್ಟೇ ಕಲ್ಲು ಬದಲಾಯಿಸಿದ್ದೆ. ಅದೇ ಇರ್ಬೇಕು. ನನ್ನಿಂದ ನಿಮ್ಮ ಹೆಸರಿಗೂ ಮಸಿ ಬಿತ್ತು. ಮನಸ್ಸಿಗೆ ಹಚ್ಕೋಬೇಡಿ ಅಣ್ಣ."

ಅವಳು ಹೋದ ಮೇಲೂ ಅವನು ಕೂತಲ್ಲೇ ಕೂತಿದ್ದ. ಹೆಂಡತಿ ಚಹಾ ತಂದು ಕೊಟ್ಟಳು. ಲೋಟ ಹಿಡಿದುಕೊಂಡ.

"ಸುಡ್ತಿಲ್ವಾ?" ಎಂದಳು.

"ಇಲ್ಲ."

"ನಾನು ಸೆರಗಲ್ಲಿ ಹಿಡ್ಕೊಂಡು ಬಂದೆ. ಅಷ್ಟು ಬಿಸಿ ಇದೆ." ಅವಳು ಎದುರಿಗೆ ಕೂತಳು. "ಅಂಗಿ ಗುಂಡಿ ಹಾಕೋಕೆ ಒದ್ದಾಡ್ತಿರೋದೂ ನೋಡ್ತಿದೀನಿ. ಬೆರಳು ಹೋಗಿದೆ ಅಂತ ಒಪ್ಕೊಳ್ಳೋಕೆ ಅಷ್ಟು ಕಷ್ಟ ಆದ್ರೆ, ಅದನ್ನ ಅವಳ ತಲೆಗೆ ಕಟ್ಟಬೇಕಾ? ಗೋಣಿ ಕೆಳಗಿರೋದು ನನಗೂ ಕಾಣುತ್ತೆ."

ಅವನು ಲೋಟ ಕೆಳಗಿಟ್ಟ. ತಪ್ಪಿಗಿಂತ ಹೆಚ್ಚಾಗಿ, ತಪ್ಪು ಮಾಡದವಳು ಅದೇ ಷೆಡ್ಡಿನಲ್ಲಿ ನಿಂತು ತನ್ನನ್ನು ಸಮಾಧಾನ ಮಾಡಿ ಹೋದದ್ದು ಅವನನ್ನು ಸುಡುತ್ತಿತ್ತು.

ಮಾರನೆಯ ದಿನ ಕ್ರ್ಯಾಂಕನ್ನೂ ಎರಡು ರಾಡುಗಳನ್ನೂ ಆಟೋದಲ್ಲಿ ಹಾಕಿಕೊಂಡು ಹೋದ. ಅಂಗಡಿಯಲ್ಲಿ ಮೆಷಿನ್ನುಗಳು ಸುಮ್ಮನಿದ್ದವು. ಲೇತಕ್ಕ ನೆಲ ಗುಡಿಸುತ್ತಿದ್ದಳು. ಎಲ್ಲವನ್ನೂ ಅವಳ ಮೇಜಿನ ಮೇಲಿಟ್ಟು, ಮುಖ ಎತ್ತದೆ ಹೇಳಿದ. ಹೇಳುವಾಗ ಮಾತು ಹಿಂದುಮುಂದಾಯಿತು. ಅವಳು ಕ್ರ್ಯಾಂಕಿನ ಗೀರುಬೀಳದ ಭಾಗವನ್ನು ಅಳೆದಳು. ಅವಳ ಕೆಲಸ ಸರಿಯಾಗಿತ್ತು. ಆಮೇಲೆ ಕ್ಯಾಪುಗಳನ್ನು ಅದಲುಬದಲಾಗಿ ಹಾಕಿ ಅಳೆದಳು. ತೂತು ಗುಂಡಗಿರಲಿಲ್ಲ. ಸಾಧನ ಕೆಳಗಿಟ್ಟಳು.

"ನಿನ್ನೆ ನಾನು ಬಂದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಕ್ರ್ಯಾಂಕು?"

"ಅಲ್ಲೇ ಇತ್ತು. ನಿನ್ನ ಕಾಲ ಹತ್ರ."

ಅವಳು ಗೋಡೆಯ ಕಡೆ ನೋಡಿದಳು. "ಚೆನ್ನಾಗಿದ್ದ ಕಲ್ಲನ್ನ ತೆಗೆದು ಎಸೆದೆ. ಮಲಗಿದ್ರೂ ಎದ್ರೂ ಅದೇ ಯೋಚನೆ, ನಮ್ ಯಜಮಾನ್ರು ಹೇಳ್ಕೊಟ್ಟಿದ್ದನ್ನ ನಾನು ಎಲ್ಲಿ ಮರೆತೆ ಅಂತ." ದನಿ ಏರಲಿಲ್ಲ. "ನನ್ ಮುಂದೆ ಹೇಳಿದ್ರೆ ಏನ್ ಬಂತು. ಎಲ್ಲಿ ಹೇಳಿದ್ರೋ ಅಲ್ಲಿ ಹೇಳಿ."

ಭಾನುವಾರ ಮೈದಾನಕ್ಕೆ ಹೋಗುವಾಗ ಅವನ ಕಾಲು ಹಿಂದೆ ಹಿಂದೆ ಎಳೆಯುತ್ತಿತ್ತು. ಎಲ್ಲರೂ ಸೇರಿದ್ದಾಗ ಹೇಳಿದ. ಮೊದಲ ಮಾತು ಯಾರದೋ ಹಾರ್ನಿನ ಸದ್ದಿನಲ್ಲಿ ಮುಳುಗಿತು, ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಡಾಕ್ಟರು ಅವನ ಹೆಗಲ ಮೇಲೆ ಕೈಯಿಟ್ಟರು.

"ಹೋಗ್ಲಿ ಬಿಡಿ ಪ್ರೆಸ್ಸಣ್ಣ, ವಯಸ್ಸಾದ್ಮೇಲೆ ಇವೆಲ್ಲ ಆಗುತ್ತೆ."

ಇನ್ನೊಬ್ಬರು ಆಗಲೇ ತಮ್ಮ ಕಾರ್ಬುರೇಟರಿನ ಮಾತು ತೆಗೆದಿದ್ದರು. ಅಲ್ಲಿಗೆ ಬಿಟ್ಟಿದ್ದರೆ ಸುಲಭವಾಗಿ ಮುಗಿದುಹೋಗುತ್ತಿತ್ತು. ಅದು ಅವನಿಗೂ ಗೊತ್ತಾಯಿತು.

"ವಯಸ್ಸಿನ ಮಾತಲ್ಲ ಡಾಕ್ಟ್ರೇ," ಎಂದ. "ನಂಬರ್ ತಪ್ಪಿದ್ದು ಬೆರಳು. ಸುಳ್ಳು ಹೇಳಿದ್ದು ನಾನು, ಇದೇ ಜಾಗದಲ್ಲಿ. ಆಮೇಲೆ ಗೊತ್ತಾದ್ಮೇಲೂ ಮುಚ್ಚಿಟ್ಟೆ. ಆಕೆ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರ್ಲಿಲ್ಲ. ಹೆಂಗಸು ಅಂದೆನಲ್ಲ, ಆ ಮಾತನ್ನ ಹೇಗೆ ವಾಪಸ್ ತಗೊಳ್ಳೋದು ಅಂತ ನನಗೆ ತಿಳೀತಿಲ್ಲ."

ಕೆಲವರು ತಮ್ಮ ಚಪ್ಪಲಿ ನೋಡಿಕೊಂಡರು. ಅವತ್ತು ಅವನ ಮಾತಿಗೆ ತಲೆಯಾಡಿಸಿದ್ದವರೇ ಅಲ್ಲವೇ ಎಲ್ಲರೂ.

ಆಮೇಲೆ ಹೆಚ್ಚಿನವರು ಲೇತಕ್ಕನ ಅಂಗಡಿಗೆ ಮರಳಿದರು. ಇಬ್ಬರು ಮರಳಲಿಲ್ಲ. ಹೊಸ ಅಂಗಡಿಯೇ ಹತ್ತಿರ ಎಂದರು. ಅವಳು ಅಷ್ಟರಲ್ಲಿ ಲಾರಿಯವರ ಕೆಲಸ ಹಿಡಿದಿದ್ದಳು. ಡಾಕ್ಟರ ಕ್ರ್ಯಾಂಕನ್ನು ಮತ್ತೆ ಗ್ರೈಂಡ್ ಮಾಡಿ ಕೊಟ್ಟಳು. ಆದರೆ ಅವನನ್ನು ಅಣ್ಣ ಎನ್ನಲಿಲ್ಲ, "ಬುಧವಾರ ಬನ್ನಿ ಪ್ರೆಸ್ಸಣ್ಣೋರೇ" ಎಂದಳು. ಸಕ್ಕರೆ ಕಾಯಿಲೆಯಿಂದ ಅವನ ಬೆರಳಿನ ನರಗಳು ಸತ್ತಿವೆ, ಸತ್ತ ನರ ಮರಳಿ ಬರುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಇಂಜಿನ್ ಮತ್ತೆ ಜೋಡಿಸುವಾಗ ಹೆಂಡತಿ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಒಂದೊಂದೇ ನಂಬರು ಓದಿ ಹೇಳಿದಳು, ಅವನು ಅದನ್ನು ತಿರುಗಿ ಹೇಳಬೇಕು ಎಂದು ಹಟ ಮಾಡಿದಳು.

ಕಾರು ಸೇತುವೆ ಹತ್ತಿ ಆಚೆ ಇಳಿಯಿತು. ಆ ಸಂಜೆ ಅವನು ಲೇತ್ ಅಂಗಡಿಗೆ ಹೋಗಿ ಷಟರ್ ಬಳಿ ನಿಂತ. ಒಳಗೆ ಮೆಷಿನ್ ಓಡುತ್ತಿತ್ತು.

"ಡಾಕ್ಟ್ರ ಕಾರು ಹೋಯ್ತು. ಸದ್ದಿಲ್ಲ," ಎಂದ.

"ಒಳ್ಳೇದಾಯ್ತು," ಎಂದಳು ಲೇತಕ್ಕ, ಕಲ್ಲಿನ ಮೇಲಿನ ಕಣ್ಣು ಕೀಳದೆ.

ಇನ್ನೇನಾದರೂ ಅನ್ನುತ್ತಾಳೇನೋ ಎಂದು ಅವನು ಕಾದ. ಹಿಂದಿನಿಂದ ಲಾರಿಯವನೊಬ್ಬ ಭಾರದ ಸಾಮಾನು ಹೊತ್ತು ಬಂದ. ಪ್ರೆಸ್ಸಣ್ಣ ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಮನೆಯ ಕಡೆ ನಡೆದ.