ಸಿಡಿಲು ಕಾಯುವ ಕಣ್ಣು

ಪ್ರಿಯಾಂಕಾಳಿಗೆ ಮೋಡ ಕಂಡರೆ ಜೀವಭಯ. ಬಿಟಿಎಂ ಲೇಔಟಿನ ಮೇಲೆ ಗುಡುಗು ಸಣ್ಣಗೆ ಗುರುಗುಟ್ಟಿದರೂ ಸಾಕು, ಒಲೆ ಆರಿಸಿ, ಕಿಟಕಿ ಜಡಿದು, ಅವ್ವ ಮುರಿಗೆವ್ವನನ್ನು ಎಳೆದುಕೊಂಡು ಕೋಣೆಯ ನಡುವೆ ಕೂತುಬಿಡುವಳು. "ಏನಮ್ಮಾ, ರಾಕೆಟ್ ಕಂಪನೀಲಿ ಕೆಲಸ ಮಾಡ್ತೀಯ, ಗುಡುಗಿಗೆ ಹೆದರ್ತೀಯಲ್ಲ!" ಎಂದು ಮನೆ ಓನರ್ ಪಿಳ್ಳಣ್ಣ ನಗುತ್ತಿದ್ದ. ನಗಲಿ ಬಿಡಿ, ಅವನ ಮನೆಯವರು ಯಾರೂ ಸಿಡಿಲಿಗೆ ಸತ್ತಿರಲಿಲ್ಲ.

ಇವಳ ತಮ್ಮ ಮುತ್ತುರಾಜ ಸತ್ತಿದ್ದ. ಕೊಪ್ಪಳದ ಕಡೆಯ ಊರಲ್ಲಿ ಕುರಿ ಕಾಯಲು ಹೋದವನು ಬೇವಿನ ಮರದಡಿ ಕುರಿಗಳ ಜೊತೆಗೇ ಕರಕಲಾಗಿದ್ದ. ಆ ಬೆಳಿಗ್ಗೆ ಅವನು ಹಣೆಗೆ ಮೈಲಾರಲಿಂಗನ ಭಂಡಾರ ಹಚ್ಚಿಕೊಳ್ಳದೆ ಓಡಿದ್ದನಂತೆ. ಅಂದಿನಿಂದ ಮುರಿಗೆವ್ವ ಆ ಅರಿಶಿನಪುಡಿ ಹಚ್ಚದೆ ಮಗಳನ್ನು ಹೊಸಿಲು ದಾಟಿಸಿದವಳಲ್ಲ.

ಡಿಪ್ಲೊಮಾ ಮುಗಿಸಿದ ಪ್ರಿಯಾಂಕಾ ಜೆ.ಪಿ. ನಗರದ ಒಂದು ಖಾಸಗಿ ಕಂಪನಿಯಲ್ಲಿ ಉಪಗ್ರಹದ ಭಾಗ ಜೋಡಿಸುತ್ತಿದ್ದಳು. ಆ ಉಪಗ್ರಹಕ್ಕೆ ಸಿಡಿಲು ಕಾಯುವ ಒಂದು ಕ್ಯಾಮೆರಾ ಇತ್ತು. ಯಾವ ಮೋಡ ಮಿಂಚತೊಡಗಿದೆ ಎಂದು ಮೇಲಿನಿಂದ ನೋಡಿ, ಅದರ ದಾರಿಯಲ್ಲಿರುವ ಊರುಗಳ ಮೊಬೈಲಿಗೆ ಮೊದಲೇ ಸುದ್ದಿ ಕೊಡುವುದು ಅದರ ಕೆಲಸ. ಹುಡುಗಿಗೆ ಆಕಾಶಕ್ಕೆ ಮೂರೇ ಗೇಣು. ಊರಲ್ಲಿ ಈಗಲೂ ಕುರಿ ಕಾಯುವ ಸೋದರಮಾವ ಮರೆಪ್ಪನಿಗೆ ಫೋನ್ ಹಚ್ಚಿ, "ಮಾವಾ, ಇನ್ನ ಸಿಡಿಲು ಬರೂಕಿಂತ ಮೊದಲ ನಿನ್ನ ಫೋನ್ ಒದರತೈತಿ ನೋಡು" ಎಂದು ಜಂಬ ಕೊಚ್ಚಿಕೊಂಡದ್ದೂ ಆಯಿತು.

ಅಷ್ಟರಲ್ಲಿ ಬಂತಪ್ಪ ಇನ್ನೊಂದು ಕ್ಯಾಮೆರಾ! ಇದಕ್ಕೆ ಇದ್ದದ್ದು ಒಂದೇ ಕೆಲಸ. ಉಪಗ್ರಹದ ಮೈಮೇಲೆ ಬರೆದ ಬಾವುಟದ ಫೋಟೋವನ್ನು ಹಿಂದೆ ಭೂಮಿ ಕಾಣುವಂತೆ ತೆಗೆದು ಕಳಿಸಬೇಕು, ಅಷ್ಟೆ. ಸ್ವಾತಂತ್ರ್ಯ ದಿನಕ್ಕೆ ಆ ಫೋಟೋ ಟಿವಿಯಲ್ಲಿ ಬರಲೇಬೇಕೆಂದು ಮೇಲಿನವರ ಕಟ್ಟಪ್ಪಣೆಯಾಯಿತು.

ಉಪಗ್ರಹಕ್ಕೆ ಮುಚ್ಚಳ ಹಾಕುವ ದಿನ ಬಂತು. ಧೂಳು ಸುಳಿಯಬಾರದ ಆ ಜೋಡಣೆಯ ಕೋಣೆಗೆ ಹೋಗುವಾಗ ಪ್ರಿಯಾಂಕಾ ದಿನಾ ಹಣೆ ತೊಳೆದುಕೊಳ್ಳುತ್ತಿದ್ದಳು. ಅಂದು ಅವ್ವ ಬೈತಲೆಗೂ ಒಂದು ಚಿಟಿಕೆ ಭಂಡಾರ ಒತ್ತಿ, "ಮ್ಯಾಲೆ ಹೋಗೂ ಕೆಲಸ ಐತಿ, ಇದನ್ನ ಮಾತ್ರ ತೊಳೀಬ್ಯಾಡ ನನ್ನವ್ವಾ" ಎಂದಿದ್ದಳು. ತೊಳೆಯಲು ಇವಳಿಗೂ ಧೈರ್ಯ ಬರಲಿಲ್ಲ. ಟೊಪ್ಪಿಯನ್ನು ಕೆಳಗೆ ಎಳೆದುಕೊಂಡು ಒಳಗೆ ಹೋದಳು. ಸ್ಕ್ರೂ ಬಿಗಿಯಲು ಬಗ್ಗಿದಾಗ ಟೊಪ್ಪಿ ಜರುಗಿ, ಹಳದಿ ಪುಡಿ ಸಿಡಿಲು ಕಾಯುವ ಕ್ಯಾಮೆರಾದ ಗಾಜಿನ ಮೇಲೆಯೇ ಉದುರಿತು. ಒರೆಸಹೋದರೆ ಇನ್ನಷ್ಟು ಒಳಗೆ ಸೇರಿಕೊಂಡಿತು.

ಮ್ಯಾನೇಜರ್ ಪ್ರಮೋದನನ್ನು ಕರೆದು ಎಲ್ಲ ಹೇಳಿದಳು. ಅವನ ಮುಖ ಬಿಳಿಚಿತು.

"ಬಾವುಟದ ಕ್ಯಾಮೆರಾ ಮೇಲೆ ಬಿತ್ತಾ?"

"ಇಲ್ಲ ಸಾರ್."

"ಅಬ್ಬಾ, ಬದುಕಿದೆ! ಮುಚ್ಚಳ ಹಾಕು."

"ಸಾರ್, ಬಿಚ್ಚಿ ತೊಳೀಬೇಕಲ್ವಾ?"

"ಬಿಚ್ಚಿದ್ರೆ ತಿಂಗಳು ಹಿಡಿಯುತ್ತೆ. ಡೇಟ್ ಹೋಗುತ್ತೆ, ಜೊತೆಗೆ ನಿನ್ನ ಕೆಲಸ, ನನ್ನ ಕೆಲಸ. ಇಡೀ ದೇಶ ಬಾವುಟ ನೋಡೋಕೆ ಕಾಯ್ತಿದೆ ಕಣಮ್ಮ. ಸಿಡಿಲನ್ನ ಯಾರು ನೋಡ್ತಾರೆ? ಹೊರಗೆಲ್ಲೂ ಬಾಯಿ ಬಿಡಬೇಡ."

ಅವನು ಬೈದಿದ್ದರೂ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಪ್ರಿಯಾಂಕಾ ತನ್ನ ಕೈಯಾರೆ ಮುಚ್ಚಳ ಬಿಗಿದಳು.

ರಾಕೆಟ್ ಹಾರಿತು, ಬಾವುಟ ಟಿವಿಗೆ ಬಂತು. ಮಡಿವಾಳದಲ್ಲಿ ಪಟಾಕಿ ಹೊಡೆದರು, ಪಿಳ್ಳಣ್ಣ ಮೈಸೂರು ಪಾಕ್ ಹಂಚಿದ. ಇತ್ತ ಸಿಡಿಲಿನ ಚಿತ್ರಗಳಲ್ಲಿ ಅರ್ಧಕ್ಕರ್ಧ ಕಪ್ಪು ಕಲೆ. ಆಮೇಲೆ ಸರಿಮಾಡಿದರಾಯಿತು ಎಂದು ಕಂಪನಿಯವರು ಸಿಡಿಲಿನ ಸುದ್ದಿಯನ್ನು ಹಾಗೆಯೇ ಮೊಬೈಲಿಗೆ ಬಿಟ್ಟುಬಿಟ್ಟರು. ಮಾವನಿಗೆ ಹೇಳಬೇಕೆಂದು ಅವಳು ದಿನಾ ಫೋನ್ ಎತ್ತುವಳು. ಕೆಲಸ ಹೋದೀತು, ಭಂಡಾರದ ಸಂಗತಿ ಕೇಳಿದರೆ ಅವ್ವ ಎದೆಯೊಡೆದುಕೊಂಡಾಳು ಎಂದು ಕೆಳಗಿಡುವಳು.

ಒಂದು ಭಾನುವಾರ ಮಧ್ಯಾಹ್ನ ತನ್ನ ತಮ್ಮ ಮರೆಪ್ಪನೊಡನೆ ಫೋನಿನಲ್ಲಿ ಮಾತಾಡುತ್ತಿದ್ದ ಮುರಿಗೆವ್ವ, "ಊರಾಗ ಮೋಡ ಕಪ್ಪಾಗೈತಂತ" ಎಂದಳು. ಪ್ರಿಯಾಂಕಾ ಫೋನ್ ಕಿತ್ತುಕೊಂಡಳು.

"ಮಾವಾ, ಎಲ್ಲಿ ಅದಿ?"

"ಬಯಲಾಗ ಅದೀನವ್ವಾ. ಉಳಿದವರೆಲ್ಲಾ ಕುರಿ ಹೊಡಕೊಂಡು ಓಡಿದ್ರು. ನಾ ಯಾಕ ಓಡ್ಲಿ? ಫೋನ್ ಒದರಿಲ್ಲಲ್ಲ!"

"ಓಡು ಮಾವಾ, ಕುರಿ ಬಿಟ್ಟು ಓಡು! ಅದಕ್ಕ ಕಣ್ಣು ಕಾಣಾಂಗಿಲ್ಲ. ನನ್ನ ತಲ್ಯಾಗಿನ ಭಂಡಾರ ಬಿದ್ದು ಕೆಟ್ಟೈತಿ. ನಾನ ಕೆಡಿಸೇನಿ!"

ಮುರಿಗೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಆ ಕಡೆ ಗುಡುಗು ಉರುಳಿತು, ಅದರ ಮೇಲೆಯೇ ಮರೆಪ್ಪ ಗಹಗಹಿಸಿ ನಕ್ಕ.

"ಹುಚ್ಚಿ! ಭಂಡಾರ ಬಿದ್ರ ಕೆಡತೈತೇನು? ಇನ್ನೂ ಚಲೋ ಕಾಯತೈತಿ. ಬಾವುಟ ಎಷ್ಟು ಚಂದ ಕಂಡಿತ್ತು, ಊರ ಮಂದಿಯೆಲ್ಲಾ ಟಿವಿಯಾಗ ನೋಡೇವಿ. ಅದಕ್ಕ ಅಷ್ಟು ಚಂದ ಬಾವುಟ ಕಂಡೈತಿ, ನಾ ಕಾಣಾಂಗಿಲ್ಲೇನು?"