ಅತ್ತೆಯ ಕಿವಿಯ ಸ್ಪಂಜು

ನಮ್ಮತ್ತೆ ಪುಟ್ಟಲಕ್ಷ್ಮಮ್ಮ ಬೆಳಗ್ಗೆ ಸ್ನಾನ ಮಾಡಿ, ಕುಂಕುಮ ಇಟ್ಟು, ತುರುಬಿಗೆ ಹೂ ಮುಡಿದು, ಅದರ ಮೇಲೆ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದರು. ತೊಂಬತ್ತರ ದಶಕದ ಹೊಳೆನರಸೀಪುರದಲ್ಲಿ ಅಂಥ ಅಲಂಕಾರ ಮಾಡಿಕೊಂಡ ಇನ್ನೊಬ್ಬ ಹೆಂಗಸನ್ನು ನಾನು ಕಾಣೆ. ಮಿಲಿಟರಿಯಲ್ಲಿದ್ದ ಅವರ ತಮ್ಮ ರಜಕ್ಕೆ ಬಂದಾಗ ಒಂದು ಪುಟ್ಟ ಟೇಪ್ ರೆಕಾರ್ಡರ್ ಜೊತೆ ತಂದುಕೊಟ್ಟದ್ದು ಅದು. ತೆಳ್ಳನೆಯ ಒಂದು ಪಟ್ಟಿ, ಎರಡು ತುದಿಗೆ ಕಪ್ಪು ಸ್ಪಂಜು, ಅಷ್ಟೆ.

“ಒಂದು ಮೊಳ ಹೂವಿನ ಭಾರಾನೂ ಇಲ್ಲ ಕಣವ್ವ. ಆಕ್ಕಂಡಿದ್ದೇ ಮರ್ತೋಯ್ತದೆ. ಓಲೇನೂ ಒತ್ತಕ್ಕಿಲ್ಲ” ಎಂದು ಬಂದವರಿಗೆಲ್ಲ ತೆಗೆದು ತೋರಿಸುವರು. ದನಿಯ ಬಗ್ಗೆಯೂ ಅವರದೇ ವರ್ಣನೆ: “ರೇಡಿಯೋದಲ್ಲಾದ್ರೆ ಅರಿಕತೆ ದಾಸ್ರು ಮೂಲೇಲಿ ಕುಂತ್ಕಂಡು ಏಳ್ತಾರೆ. ಇದ್ರಲ್ಲಿ ನನ್ ನೆತ್ತಿ ಒಳಗೇ ಬಂದು ಕುಂತ್ಕತಾರೆ.”

ನನ್ನ ತಕರಾರಿದ್ದದ್ದು ಅವರು ಕೂರುವ ಜಾಗದ ಮೇಲೆ. ನಡುಮನೆಯಲ್ಲಿ ಫೋನಿನ ಸ್ಟೂಲು. ಅದಕ್ಕೆ ಆತುಕೊಂಡಂತೆ ಅತ್ತೆಯ ಮಂಚ. ಮಾವ ಗದ್ದೆಗೆ, ನಮ್ಮ ಯಜಮಾನರು ಕಚೇರಿಗೆ ಹೊರಟ ಮೇಲೆ ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು, ಅಕ್ಕಿ ಆರಿಸುವುದು ಎಲ್ಲ ಅಲ್ಲೇ. ನಾನು ಫೋನೆತ್ತಿದೆನೋ, ಅವರು ಹೆಡ್‌ಫೋನ್ ಏರಿಸುವರು. ಒಂದು ದಿನವೂ ತಪ್ಪುತ್ತಿರಲಿಲ್ಲ. ಅದೇ ನನಗೆ ಗುಮಾನಿ.

ಗುಮಾನಿಗೆ ಕಾರಣವಿತ್ತು. ಮದುವೆಗೆ ಮುಂಚೆ ನಾನು ಟಿಸಿಎಚ್ ತರಬೇತಿ ಮುಗಿಸಿದ್ದೆ. ಟೀಚರ್ ಕೆಲಸಕ್ಕೆ ಅರ್ಜಿ ಹಾಕುತ್ತೇನೆ ಎಂದಾಗ ನಮ್ಮ ಯಜಮಾನರು “ನಮ್ಮನೆ ಸೊಸೆ ಬಸ್ಸಲ್ಲಿ ನೇತಾಡೋದೇನೂ ಬೇಡ” ಎಂದು ಒಂದೇ ಮಾತಿಗೆ ಮುಗಿಸಿದ್ದರು. ನಾನು ಹಾಸನದಲ್ಲಿದ್ದ ನಮ್ಮಕ್ಕನ ವಿಳಾಸ ಕೊಟ್ಟು ಕದ್ದು ಅರ್ಜಿ ಹಾಕಿದೆ. ಮುಂದಿನ ಮಾತುಕತೆಯೆಲ್ಲ ಫೋನಿನಲ್ಲೇ. ಅತ್ತೆಯ ಕಿವಿಗೆ ಬಿದ್ದರೆ ಮಗನ ಕಿವಿಗೂ ಬಿದ್ದ ಹಾಗೆ. ಅಲ್ಲಿಗೆ ನನ್ನ ಕೆಲಸಕ್ಕೆ ಎಳ್ಳುನೀರು.

ಅದಕ್ಕೇ ಪರೀಕ್ಷೆ ಶುರು ಮಾಡಿದೆ. ಒಂದು ದಿನ ಅವರ ಬೆನ್ನ ಹಿಂದೆ ನಿಂತು “ಅಯ್ಯೋ, ಹಾಲು ಉಕ್ಕೋಯ್ತು!” ಎಂದೆ. ಅತ್ತೆ ಮಿಸುಕಲಿಲ್ಲ. ಹಾಲು ಉಕ್ಕಿತು ಅಂದರೂ ಮಿಸುಕದ ಹೆಂಗಸು ಎಲ್ಲಾದರೂ ಇದ್ದಾಳೆಯೇ? ಅನುಮಾನ ಜಾಸ್ತಿಯೇ ಆಯಿತು. ಇನ್ನೊಂದು ದಿನ ಬೇಕೆಂದೇ ಅಕ್ಕನಿಗೆ, “ನಮ್ಮತ್ತೆ ಒಂದು ಪೀಡೆ ಕಣೆ. ಅವರು ಮಾಡೋ ಸಾರು ಕೈ ತೊಳೆದ ನೀರು” ಎಂದೆ. ಅತ್ತೆ ತಲೆದೂಗುತ್ತಾ ಅವರೆಕಾಳು ಹಿಚುಕುತ್ತಿದ್ದರು. ಮಾರನೇ ದಿನವೂ ಸಾರು ಅಷ್ಟೇ ನೀರು. ಕೇಳಿಸಿಲ್ಲ ಬಿಡು ಎಂದುಕೊಂಡೆ. ಧೈರ್ಯ ಬಂತು ನೋಡಿ, ಅಲ್ಲಿಂದಾಚೆ ಬಾಯಿಗೆ ಬಂದದ್ದೆಲ್ಲ ಅಂದೆ. ಅವರ ಗೊರಕೆ, ಜಿಪುಣತನ, ಮಗನನ್ನು ಮುದ್ದು ಮಾಡುವುದು, ಒಂದನ್ನೂ ಬಿಡಲಿಲ್ಲ.

ಹೀಗೇ ಒಂದು ವರ್ಷ ಕಳೆದಿರಬೇಕು. ಅಕ್ಕ ಫೋನ್ ಮಾಡಿ, ನನ್ನ ಹೆಸರು ಆಯ್ಕೆಯಾಗಿದೆ, ಗುರುವಾರ ಬಂದು ಶಾಲೆಯ ಊರು ಆರಿಸಿಕೊಳ್ಳದಿದ್ದರೆ ಕೆಲಸ ಹೋದಂತೆಯೇ ಎಂದಳು. “ಗುರುವಾರಾನಾ? ಹಾಸನಕ್ಕೆ ಬರೋಕೆ ಏನ್ ನೆಪ ಹೇಳ್ಲಕ್ಕಾ?” ಎಂದು ಪಿಸುಗುಟ್ಟಿದೆ. ಅತ್ತೆ ಪಕ್ಕದಲ್ಲೇ ಹೂ ಕಟ್ಟುತ್ತಿದ್ದರು. ಮಾರನೇ ದಿನ, ಬುಧವಾರ, ಅವರು ಬಚ್ಚಲಿಗೆ ಹೋದಾಗ ಹೆಡ್‌ಫೋನ್ ನನ್ನ ತಲೆಗೆ ಏರಿಸಿ ಗುಂಡಿ ಒತ್ತಿದೆ. ಭಾರವಿಲ್ಲದ್ದು ನಿಜ. ದಾಸರು ನೆತ್ತಿಯೊಳಗೆ ಕೂತದ್ದೂ ನಿಜ. ತಾಳದ ದನಿ ಬೇರೆಯಾಗಿ, ತಂಬೂರಿ ಬೇರೆಯಾಗಿ ಕೇಳುತ್ತಿತ್ತು. ಆದರೆ ಅದರ ಜೊತೆಗೇ ಒಲೆಯ ಮೇಲಿನ ಕುಕ್ಕರ್ ಕೂಗಿದ್ದು, ಬೀದಿಯಲ್ಲಿ ಸೊಪ್ಪಿನವಳು ಕರೆದದ್ದು, ಬಚ್ಚಲಲ್ಲಿ ಅತ್ತೆ ಚೊಂಬು ಇಟ್ಟದ್ದು ಎಲ್ಲ ಕೇಳಿತು. ಆ ಸ್ಪಂಜು ಯಾವ ಶಬ್ದವನ್ನೂ ತಡೆಯುತ್ತಿರಲಿಲ್ಲ.

ಅಂದರೆ ಅರ್ಜಿಯೂ ಗೊತ್ತು, ಪೀಡೆ ಅಂದದ್ದೂ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದಾರೆ ಎಂದರೆ ಏನೋ ಮಸಲತ್ತು ಇರಲೇಬೇಕು. ಸಮಯ ನೋಡಿ ಮಗನ ಮುಂದೆ ಬಿಚ್ಚುತ್ತಾರೆ.

ಗುರುವಾರ ತಿಂಡಿಯ ಹೊತ್ತಿಗೆ ಅತ್ತೆ ಹೆಡ್‌ಫೋನ್ ಹಿಡಿದು ಮಗನ ಮುಂದೆ ನಿಂತೇಬಿಟ್ಟರು.

“ನೋಡ್ಲಾ, ಸ್ಪಂಜು ಅರ್ದೋಗದೆ. ಕಿವಿಗೆ ಚುಚ್ತದೆ. ಇವ್ಳು ಆಸನಕ್ಕೋಗಿ ಬ್ಯಾರೆ ತರ್ಲಿ.”

“ಭಾನುವಾರ ನಾನೇ ತರ್ತೀನಿ ಬಿಡವ್ವ.”

“ಎಂಗಸ್ರ ಕಿವಿ ಅಳ್ತೆ ನಿಂಗೇನ್ಲಾ ಗೊತ್ತು? ಇವತ್ತೇ ಓಗ್ಲಿ.” ನನ್ನ ಕಡೆ ತಿರುಗಿ, “ಸಿಗೋಗಂಟ ಬರ್ಬ್ಯಾಡ. ಸಂಜೆ ಆದ್ರೂ ಸೈ” ಎಂದರು.

ಸ್ಪಂಜು ನೋಡಿದೆ. ಹಿಂದಿನ ದಿನ ನಾನು ಹಾಕಿಕೊಂಡಾಗ ಚೆನ್ನಾಗಿಯೇ ಇತ್ತು. ಈಗ ಉಗುರಿನಿಂದ ಕಿತ್ತ ಗುರುತು ಎದ್ದು ಕಾಣುತ್ತಿತ್ತು.

ಬಸ್ಸು ಹತ್ತಿದರೂ ನನಗೆ ನಂಬಿಕೆ ಬರಲಿಲ್ಲ. ಹಿಂದಿನಿಂದ ಮಗನನ್ನು ಅಟ್ಟಿದ್ದಾರೇನೋ ಎಂದು ಪ್ರತಿ ಸ್ಟಾಪಿನಲ್ಲೂ ತಿರುಗಿ ನೋಡಿದೆ. ಹಾಸನದಲ್ಲಿ ಸಾಲು ನಿಂತೆ. ಅರಕಲಗೂಡಿನ ಕಡೆಯವು, ಚನ್ನರಾಯಪಟ್ಟಣದ ಕಡೆಯವು, ಊರುಗಳು ಒಂದೊಂದೇ ಮುಂದಿನವರ ಪಾಲಾಗುತ್ತಿದ್ದವು. ನನ್ನ ಸರದಿ ಬರುವಾಗ ಪುಣ್ಯಕ್ಕೆ ನಮ್ಮ ತಾಲ್ಲೂಕಿನ ಹಳ್ಳಿಮೈಸೂರು ಉಳಿದಿತ್ತು. ಸಹಿ ಹಾಕಿದೆ. ಆ ಖುಷಿಯಲ್ಲಿ ಸ್ಪಂಜು ನೆನಪಾದದ್ದು ಮನೆಯ ಬಾಗಿಲಿಗೆ ಬಂದ ಮೇಲೆಯೇ.

“ಎಲ್ಲಿ ಸ್ಪಂಜು?” ಎಂದರು ಯಜಮಾನರು.

“ಆ ಅಳ್ತೇದು ಸಿಕ್ಕಾಕಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು ಬಿಡು” ಎಂದು ಅತ್ತೆಯೇ ಉತ್ತರ ಕೊಟ್ಟು, ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. ಅಲ್ಲಿ ಮೆಲ್ಲಗೆ ಕೇಳಿದರು: “ಯಾವೂರು ಕೊಟ್ರು?”

“ಹಳ್ಳಿಮೈಸೂರು.”

“ಅತ್ರಾನೇ ಆಯ್ತು. ಅವನ್ಗೆ ನಾನ್ ಏಳ್ತೀನಿ. ನೀನ್ ಬಾಯ್ ಬಿಡ್ಬ್ಯಾಡ.”

ಹೇಳಿದರು. ಮೂರು ದಿನ ತಾಯಿಗೂ ಮಗನಿಗೂ ಜಗಳವೋ ಜಗಳ. ಕೆಲಸಕ್ಕೆ ಸೇರುವ ದಿನ ಯಜಮಾನರೇ, ಮುಖ ದಪ್ಪ ಮಾಡಿಕೊಂಡು, ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟರು. ಅತ್ತೆ ಕಿತ್ತ ಸ್ಪಂಜಿನ ಜಾಗಕ್ಕೆ ಹಳೇ ರವಿಕೆಯ ಬಟ್ಟೆ ಸುತ್ತಿಕೊಂಡು ಹರಿಕತೆ ಮುಂದುವರಿಸಿದರು. ನಾನು ಅಂದ ಮಾತುಗಳ ವಿಷಯ ಮಾತ್ರ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹತ್ತು ವರ್ಷ ಅವು ನನ್ನ ಹೊಟ್ಟೆಯಲ್ಲಿ ಮುಳ್ಳಾಡುತ್ತಿದ್ದವು.

ಕೊನೆಗೆ ಅವರು ಹಾಸನದ ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ ಬಾಯಿ ಬಿಟ್ಟೆ. ಅಷ್ಟು ಹೊತ್ತಿಗೆ ಅವರ ಕಿವಿ ನಿಜವಾಗಿಯೂ ಮಂದವಾಗಿತ್ತು, ಗಟ್ಟಿಯಾಗಿಯೇ ಹೇಳಬೇಕಾಯಿತು. “ಅತ್ತೆ, ಆಗ ಫೋನಲ್ಲಿ ನಿಮ್ಮನ್ನ ಏನೇನೋ ಅಂದ್ಬಿಟ್ಟಿದ್ದೆ. ಪೀಡೆ ಅಂದಿದ್ದೆ. ತಪ್ಪಾಯ್ತು.” ಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡಿದರು.

“ಯಾವಾಗವ್ವ? ನಾನು ಅರಿಕತೆ ಕೇಳ್ತಿದ್ನಲ್ಲ” ಎಂದು ಅತ್ತೆ ನನ್ನ ಕೈ ಹಿಡಿದುಕೊಂಡರು.

ಸುಳ್ಳು ಎಂದು ಗೊತ್ತಿದ್ದೂ ನಾನು ವಾದ ಮಾಡಲಿಲ್ಲ. ಊರಿನ ಬಸ್ಸಿಗೆ ಹೊತ್ತಾಗುವವರೆಗೂ ಆ ಕೈ ಹಿಡಿದುಕೊಂಡೇ ಕೂತಿದ್ದೆ. ಅತ್ತೆಯನ್ನು ನಾನು ಜೀವಂತ ನೋಡಿದ್ದು ಅದೇ ಕೊನೆ.