ಮಾಸ್ತರು ತಂದ ರಟ್ಟಿನ ಶಂಕು

ಮೊಮ್ಮಕ್ಕಳೇ, ನಿಮ್ಮ ಅವ್ವನಿಗೆ ಗಣಿತ ಕಲಿಸಿದ ಮಾಸ್ತರು ಬರೀ ಬಾಯಿಂದ ಹೇಳಿ ಸುಮ್ಮನಾಗುವವರಲ್ಲ. "ಮಾಡಿ ನೋಡ್ರಿ" ಎನ್ನುತ್ತ ಅಂಗಿಯ ತೋಳು ಮಡಚುತ್ತಿದ್ದರು. ಗಣಿತಕ್ಕೆ ಹೆದರಿದ ನಿಮ್ಮ ಅವ್ವ ಶಾಲೆಯನ್ನೇ ಬಿಡುತ್ತೇನೆಂದು ಹಟ ಹಿಡಿದಾಗ, ಅವರು ಸುರಪುರದ ನಮ್ಮ ಮನೆಗೆ ಬಂದರು. ಕೈಯಲ್ಲಿ ಶೇಂಗಾ ಪೊಟ್ಟಣದಂಥ ರಟ್ಟಿನ ಶಂಕು, ಅದರಷ್ಟೇ ಅಗಲ, ಎತ್ತರದ ದುಂಡು ಡಬ್ಬಿ.

"ಮೂರು ಶಂಕು ಜ್ವಾಳಕ್ಕ ಡಬ್ಬಿ ತುಂಬತೈತಿ. ಅಕ್ಕಾರ, ನೀವ ಹಾಕ್ರಿ."

ಸೇರಿನ ಬಾಯಿಯ ಮೇಲೆ ಗುಡ್ಡೆಯಾಗುವಂತೆ ಕಾಳು ಏರಿಸಿ ಅಳೆಯುವುದು ನಮ್ಮ ರೂಢಿ. ಶಂಕುವನ್ನೂ ಹಾಗೆಯೇ ಏರಿಸಿ ತುಂಬಿದೆ. ಮೂರನೆಯದು ಸುರಿಯುವಾಗ ಡಬ್ಬಿ ತುಂಬಿ ಜೋಳ ನೆಲಕ್ಕೆ ಚೆಲ್ಲಿತು.

"ನೋಡ್ರಿ ಸರ್, ನಿಮ್ಮ ಗಣಿತ ಸುಳ್ಳ!" ಎಂದಳು ನಿಮ್ಮ ಅವ್ವ.

ಮಾಸ್ತರು ನಕ್ಕರು. "ಸುಳ್ಳಲ್ಲ ತಂಗಿ, ನಿಮ್ಮವ್ವಾರ ಕೈ ಧಾರಾಳ ಐತಿ. ನೀ ಸವರಿ ಮಾಡಿ ನೋಡು."

ಅವಳು ಡಬ್ಬಿ ಬರಿದು ಮಾಡಿ, ಪ್ರತಿ ಸಲವೂ ಶಂಕುವಿನ ಬಾಯಿಯನ್ನು ಅಂಗೈಯಿಂದ ಸವರಿ ಸುರಿದಳು. ಮೂರನೆಯ ಶಂಕುವಿಗೆ ಡಬ್ಬಿ ಅಂಚಿಗೆ ಸರಿಯಾಗಿ ತುಂಬಿತು. ಅದನ್ನೇ ನೋಡುತ್ತ ಕೇಳಿದಳು:

"ಯವ್ವಾ, ನನ್ನ ಸಾಲಿ ಚೀಲ ಎಲ್ಲಿಟ್ಟಿ?"